ಕೆಂಪು ಕೌಂಟಿ, ಬಿಳಿ ಕೌಂಟಿ

ಢಮ್!

ಹಿಂದಿನ ಟ್ರಕ್ ಎರಡನೇ ಸಲ ಗುದ್ದಿತು. ನನ್ನ ಹಳೇ ಕಾರಿನ ಹಿಂಭಾಗ ಬಲಕ್ಕೆ ಜಾರಿತು. ಬಲಗಡೆ ಏನಿದೆ ಅಂತ ನನಗೆ ಗೊತ್ತು... ಏನೂ ಇಲ್ಲ! ಬೆಟ್ಟ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಬಂಡೆ, ಬಂಡೆಯ ಕೆಳಗೆ ಹಳ್ಳ.

ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ. ಚಕ್ರ ಜಲ್ಲಿಯ ಮೇಲೆ ಕಿರುಚಿತು. ಕಾರು ಹೇಗೋ ರಸ್ತೆಗೆ ಬಂತು.

"ಇನ್ನೊಂದು ಸಲ ಗುದ್ದುತ್ತಾನಾ?" ಪಕ್ಕದ ಸೀಟಿನಿಂದ ವರ್ಡೀ ದೊಡ್ಡಮ್ಮ ಕೇಳಿದಳು. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗಿತ್ತು.

"ಗುದ್ದುತ್ತಾನೆ. ಬೆಲ್ಟ್ ಹಾಕ್ಕೊಂಡಿದ್ದೀಯಾ?"

"ಕಿಡ್ನಿ ಕ್ಯಾನ್ಸರ್ ಇರೋಳಿಗೆ ಬೆಲ್ಟ್ ಹಾಕ್ಕೋ ಅಂತೀಯಲ್ಲೇ ಹುಡುಗಿ!"

"ಹಾಕ್ಕೋ ದೊಡ್ಡಮ್ಮಾ!"

ಹಾಕಿಕೊಂಡಳು. ಹಿಂದಿನವರಿಗೆ ಕಾಣದಷ್ಟು ಸೀಟಿನಲ್ಲಿ ಹುದುಗಿ ಕೂತು ತಲೆಯ ಮೇಲಿನ ಹಸಿರು ಸ್ಕಾರ್ಫ್ ಸರಿಮಾಡಿಕೊಂಡಳು. ಅದರ ಕೆಳಗೆ ಒಂದು ಕೂದಲೂ ಇಲ್ಲ.

ಕನ್ನಡಿಯಲ್ಲಿ ನೋಡಿದೆ. ಕಪ್ಪು ಟ್ರಕ್. ಮುಂದೆ ಕಬ್ಬಿಣದ ಗಾರ್ಡು. ಗಾಜಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು, ಓಡಿಸುವವನ ಮುಖ ಕಾಣುತ್ತಿರಲಿಲ್ಲ. ರಾಜಧಾನಿಗೆ ಇನ್ನೂ ಎರಡು ಗಂಟೆ ದಾರಿ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಸಮಿತಿ ಮತ ಹಾಕಿಬಿಡುತ್ತದೆ. ಆಮೇಲೆ ನಾವು ಹೋದರೂ ಒಂದೇ, ಈ ಹಳ್ಳದಲ್ಲಿ ಬಿದ್ದರೂ ಒಂದೇ.

ಆ ಟ್ರಕ್ಕಿನವನಿಗೂ ಅದು ಗೊತ್ತಿತ್ತು!

ನಾನು ಡೆಲ್ಫಿಯ ಸ್ಟಾಂಪರ್. ಡೆಲ್ ಅಂದರೆ ಸಾಕು. ಬಹಳ ವರ್ಷ ಹಾರ್ಕಿನ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಲ್ಲಿ, ಪೊಲೀಸ್ ಮುಖ್ಯಸ್ಥ ಶೆರಿಫ್ ಕೈಕೆಳಗೆ ಡೆಪ್ಯುಟಿ ಆಗಿದ್ದೆ. ಈಗ ಖಾಸಗಿ ಪತ್ತೇದಾರಿ. ಯಾರ ಗಂಡ ಯಾರ ಮನೆಯಲ್ಲಿ ಮಲಗುತ್ತಾನೆ ಅಂತ ಪತ್ತೆ ಮಾಡುವುದು, ಹೆಂಡತಿಗೆ ಹೇಳುವುದು. ಅಮೆರಿಕದ ಈ ಅಪಲೇಷಿಯನ್ ಬೆಟ್ಟಗಳಲ್ಲಿ ಪತ್ತೇದಾರಿ ಅಂದರೆ ಇಷ್ಟೇ. ಕೆಲಸಕ್ಕೆ ಬರಗಾಲವಿಲ್ಲ.

ಎರಡು ವಾರದ ಹಿಂದೆ ವರ್ಡೀ ಫ್ಯೂಗೇಟ್ ನನ್ನ ಆಫೀಸಿಗೆ ಬಂದಳು. ನನ್ನ ತಾಯಿಯ ಗೆಳತಿ. ಊರಿಗೆಲ್ಲ ದೊಡ್ಡಮ್ಮ. ಬೆಟ್ಟದ ಮೇಲಿನ ರಾಸಾಯನಿಕ ಕಾರ್ಖಾನೆಯ ಕೆಳಗಿರುವ ಗೂಸ್ ಕಣಿವೆಯವಳು.

ಕೂತವಳೇ ಕೇಳಿದಳು. "ಹುಡುಗಿ, ನಾನು ಯಾವಾಗ ಆವೆರಿಲ್ ಕೌಂಟಿಗೆ ಮನೆ ಬದಲಾಯಿಸಿದೆ?"

"ಅಂದ್ರೆ?"

"ಆಸ್ಪತ್ರೆ ಗೋಡೆ ಮೇಲೆ ರಾಜ್ಯದ ನಕ್ಷೆ ತೂಗುಹಾಕಿದಾರೆ. ಯಾವ ಕೌಂಟಿಲಿ ಎಷ್ಟು ಕ್ಯಾನ್ಸರ್ ಅಂತ ಬಣ್ಣ ಬಳಿದಿದಾರೆ. ಕಮ್ಮಿ ಇದ್ರೆ ಬಿಳಿ, ಜಾಸ್ತಿ ಇದ್ರೆ ಕೆಂಪು. ನಮ್ಮ ಹಾರ್ಕಿನ್ ಯಾವ ಬಣ್ಣ ಹೇಳು?"

"ಕೆಂಪು."

"ಬಿಳಿ! ರಾಜ್ಯಕ್ಕೇ ಎಲ್ಲಕ್ಕಿಂತ ಬಿಳಿ! ಪಕ್ಕದ ಆವೆರಿಲ್ ನೋಡು, ಕಡುಗೆಂಪು."

ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ.

"ನರ್ಸನ್ನ ಕೇಳಿದೆ. ನಮ್ಮ ಕಣಿವೇಲಿ ಒಂದು ಮನೆ ಬಿಟ್ಟು ಒಂದು ಮನೇಲಿ ಕ್ಯಾನ್ಸರ್ ಇದೆಯಲ್ಲಮ್ಮ, ಇದು ಹೆಂಗೆ ಬಿಳಿ ಅಂತ. ಅವಳು ಕಂಪ್ಯೂಟರ್ ನೋಡಿದಳು. 'ನೀವು ಆವೆರಿಲ್‌ನೋರು ತಾನೆ' ಅಂದಳು. ಅಲ್ಲ ಕಣೇ ಅಂದೆ. 'ಪೋಸ್ಟ್ ಬಾಕ್ಸ್, ಆವೆರಿಲ್. ನೀವೇ ಕೊಟ್ಟಿದ್ದೀರಲ್ಲ' ಅಂದಳು."

ನನ್ನ ನಗು ಅಲ್ಲಿಗೆ ನಿಂತಿತು.

ನಮ್ಮ ಕಡೆಯವರನ್ನು ವಿಳಾಸ ಕೇಳಿ ನೋಡಿ. ಮನೆ ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತೇ ಇದೆಯಲ್ಲ! ಕಾಗದ ಎಲ್ಲಿಗೆ ಬರುತ್ತದೆ, ಅದನ್ನು ಹೇಳುತ್ತಾರೆ. ಗೂಸ್ ಕಣಿವೆಯವರ ಕಾಗದ ನಾಲ್ಕು ವರ್ಷದಿಂದ ಬೆಟ್ಟದಾಚೆಯ ಆವೆರಿಲ್ ಊರಿನ ಪೋಸ್ಟ್ ಆಫೀಸಿನಲ್ಲಿ ಬಾಡಿಗೆಗೆ ಹಿಡಿದ ಬಾಕ್ಸಿಗೆ ಬರುತ್ತಿತ್ತು. ಬೇರೆ ಊರು, ಬೇರೆ ಕೌಂಟಿ.

ಕಣಿವೆಯ ಹೆಂಗಸರು, ಗಂಡಸರು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಹೋದರು. ಒಬ್ಬೊಬ್ಬರಾಗಿ ಆ ಬಾಕ್ಸ್ ಹೇಳಿದರು. ರಾಜ್ಯದ ಲೆಕ್ಕದವರು ಒಬ್ಬೊಬ್ಬರನ್ನೇ ಆವೆರಿಲ್‌ಗೆ ಸೇರಿಸಿದರು. ಲಕ್ಷ ಜನರಲ್ಲಿ ವರ್ಷಕ್ಕೆ ಇಷ್ಟು ಮಂದಿಗೆ ಹೊಸದಾಗಿ ರೋಗ... ಹೀಗೆ ರೇಟ್ ಕಟ್ಟಿ, ಕೌಂಟಿ ಕೌಂಟಿ ಹೋಲಿಸಿ, ಬಣ್ಣ ಬಳಿದರು.

ರೋಗ ನಮ್ಮದು. ಬಣ್ಣ ಅವರದು!

"ಹೋಗಲಿ ಬಿಡು ದೊಡ್ಡಮ್ಮ. ಬಣ್ಣ ತಾನೆ?" ಅಂದೆ. ಅವಳ ಬಾಯಿಂದ ಪೂರ್ತಿ ಬರಲಿ ಅಂತ.

"ಬಣ್ಣ ಅಲ್ಲ ಕಣೇ, ನೀರು!" ಮೇಜಿನ ಮೇಲೆ ಅಂಗೈ ಬಡಿದಳು. "ರಾಜ್ಯದೋರು ಶುದ್ಧ ನೀರಿನ ಪೈಪ್ ಹಾಕಿಸ್ತಾರಂತೆ. ಯಾವ ಕೌಂಟಿ ಹೆಚ್ಚು ಕೆಂಪೋ ಆ ಕೌಂಟಿಗೆ. ಈ ಗುರುವಾರ ಅಲ್ಲ, ಮುಂದಿನ ಗುರುವಾರ ಸಮಿತಿಯೋರ ಮತ. ಆವೆರಿಲ್‌ಗೆ ಹೋಗುತ್ತೆ. ನಾವು ಸತ್ತಿದ್ದಕ್ಕೆ ಅವರಿಗೆ ನೀರು!"

ಅವಳ ದನಿ ಒಡೆಯಿತು. ಅವಳು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಂಡ ಆರ್ವಿಲ್ ಸತ್ತಾಗಲೂ ಅತ್ತಿರಲಿಲ್ಲ.

"ನನ್ನದು ಮುಗೀತು. ನನ್ನ ಮಗ ಕೋಯ್ ಇದಾನಲ್ಲ, ಅವನ ಹೆಂಡತಿಗೆ ಈಗ ಆರು ತಿಂಗಳು. ಕಾರ್ಖಾನೆ ವಿಷ ಇಳಿಯೋ ಆ ಬಾವಿ ನೀರಲ್ಲೇ ನನ್ನ ಮೊಮ್ಮಗೂಗೆ ಹಾಲಿನ ಪುಡಿ ಕಲಸ್ತಾರೆ. ಅದು ಆಗಬಾರದು. ನನಗೆ ಅಷ್ಟೇ ಬೇಕಾಗಿರೋದು."

ಮಾರನೇ ದಿನ ಆವೆರಿಲ್‌ಗೆ ಹೋದೆ. ರಾಜ್ಯಕ್ಕೇ ಹೆಚ್ಚು ಕ್ಯಾನ್ಸರ್ ಇರುವ ಕೌಂಟಿ!

ಜನ ಗಾಲ್ಫ್ ಆಡುತ್ತಿದ್ದರು.

ಎಂಬತ್ತು ದಾಟಿದ ಒಬ್ಬ ಮುದುಕ ಗುಡ್ಡ ಹತ್ತಿ ಬಂದ. ಏದುಸಿರೂ ಇಲ್ಲ.

"ಕ್ಯಾನ್ಸರಾ?" ತಲೆ ಕೆರೆದುಕೊಂಡ. "ನಮ್ಮ ಬೀದೀಲಿ ಒಬ್ಬನಿಗೆ ಇತ್ತು. ಮೂಗಿನ ತುದೀಲಿ. ಕೆರೆದು ತೆಗೆದ್ರು. ಈಗ ಅವನೇ ನನ್ನ ಸೋಲಿಸ್ತಾ ಇರೋದು, ನೋಡಿ!"

"ಮತ್ತೆ ನಕ್ಷೇಲಿ ನಿಮ್ಮ ಕೌಂಟಿ ಕೆಂಪಾಗಿದೆಯಲ್ಲ?"

"ವಯಸ್ಸಾದೋರು ಜಾಸ್ತಿ ಇದೀವಲ್ಲಮ್ಮ."

"ವಯಸ್ಸಿನ ಲೆಕ್ಕ ಕಳೆದೇ ರೇಟ್ ಹಾಕ್ತಾರೆ ಅಜ್ಜ."

"ಹೌದಾ? ಹೋಗಲಿ ಬಿಡಿ. ಹೊಸ ನೀರು ಬರುತ್ತಂತಲ್ಲ. ದೇವರು ದೊಡ್ಡವನು!"

ದೇವರ ಕೈವಾಡ ಇರಲಿಲ್ಲ. ಪೋಸ್ಟ್ ಆಫೀಸಿಗೆ ಹೋದ ಮೇಲೆ ಯಾರ ಕೈವಾಡ ಅಂತ ತಿಳಿಯಿತು. ಗೋಡೆಯ ತುಂಬ ಹಿತ್ತಾಳೆಯ ಪುಟ್ಟ ಬಾಗಿಲುಗಳು. ಕೆಳಗಿನ ಸಾಲುಗಳು ಹೊಸದಾಗಿದ್ದವು.

"ಇದಿಷ್ಟೂ ಗೂಸ್ ಕಣಿವೆಯೋರದು," ಕೌಂಟರಿನ ಹೆಂಗಸು ಹೆಮ್ಮೆಯಿಂದ ಹೇಳಿದಳು. "ಬಾಡಿಗೆಯೆಲ್ಲ ಕಾರ್ಖಾನೆ ಕಟ್ಟುತ್ತೆ. ಟಾಲಿವರ್ ಸಾಹೇಬ್ರು ಖುದ್ದಾಗಿ ಬಂದು ಮಾಡಿಸಿದ್ರು. ಎಂಥ ಒಳ್ಳೇ ಮನುಷ್ಯ!"

ರಾಯ್ಸ್ ಟಾಲಿವರ್... ಗೊತ್ತಿಲ್ಲದೆ ಏನು? ನಾನು ಡೆಪ್ಯುಟಿ ಆಗಿದ್ದಾಗ ಶೆರಿಫ್ ಅವನೇ. ನಿವೃತ್ತನಾದ ಮೇಲೆ ಕಾರ್ಖಾನೆ ಸೇರಿದ. ಕೆಲಸ, ಊರಿನವರ ಜೊತೆ ಒಳ್ಳೆಯ ಸಂಬಂಧ ಇಟ್ಟುಕೊಳ್ಳುವುದು. ಕ್ರಿಸ್‌ಮಸ್‌ಗೆ ಮನೆಮನೆಗೆ ಹಂದಿ ಮಾಂಸ ಹಂಚುತ್ತಾನೆ. ಸತ್ತವರ ಮನೆಗೆ ಎಲ್ಲರಿಗಿಂತ ಮುಂಚೆ ಹೂವು ಕಳಿಸುತ್ತಾನೆ. ಗೂಸ್ ಕಣಿವೆಗೆ ಬಹಳ ಹೂವು ಕಳಿಸಿದ್ದಾನೆ.

ನಮ್ಮ ಕಡೆ ರಸ್ತೆ ಬದಿಯಲ್ಲಿ ಮನೆಮನೆಗೂ ಒಂದು ಕಂಬ, ಕಂಬದ ಮೇಲೆ ಟಪಾಲು ಡಬ್ಬಿ. ಓಡುವ ಪಿಕಪ್ಪಿನ ಹಿಂದೆ ನಿಂತು ಬೇಸ್‌ಬಾಲ್ ಬ್ಯಾಟಿನಿಂದ ಆ ಡಬ್ಬಿಗಳನ್ನು ಚಚ್ಚುವುದು ಪಡ್ಡೆ ಹುಡುಗರ ಹಳೇ ಚಟ. ನಾಲ್ಕು ವರ್ಷದ ಹಿಂದೆ ಗೂಸ್ ಕಣಿವೆಯ ಡಬ್ಬಿಗಳನ್ನೆಲ್ಲ ಯಾರೋ ಚಚ್ಚಿದರು. ಹೊಸದು ಹಾಕಿದರು, ಮತ್ತೆ ಚಚ್ಚಿದರು. ಮತ್ತೆ ಹಾಕಿದರು, ಮತ್ತೆ! ಪಿಂಚಣಿ ಚೆಕ್ಕುಗಳೂ ಕೆಸರಿಗೆ ಬಿದ್ದವು. ಆಗ ಟಾಲಿವರ್ ಬಂದ. ಮುಖದ ತುಂಬ ನಗು, ಕೈತುಂಬ ಪೋಸ್ಟ್ ಬಾಕ್ಸ್ ಕೀಲಿ. ಕಣಿವೆಯವರು ಅವನ ಹೆಸರಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದರು.

ನಾನೂ ಆಗ ಒಳ್ಳೆಯ ಕೆಲಸ ಅಂದುಕೊಂಡಿದ್ದೆ. ಅಂದುಕೊಳ್ಳದೆ ಇನ್ನೇನು?

ಹೋಟೆಲಿನಲ್ಲಿ ಅವನು ತಿಂಡಿ ತಿನ್ನುವ ಹೊತ್ತಿಗೆ ಹೋಗಿ ಎದುರು ಕೂತೆ. ತಟ್ಟೆಯಲ್ಲಿ ನಮ್ಮ ಕಡೆಯ ಬಿಸಿ ಬಿಸ್ಕೆಟ್, ಅಂದರೆ ಮೆತ್ತಗಿನ ಪುಟ್ಟ ಬನ್ನು, ಮೇಲೆ ಬಿಳಿ ಗ್ರೇವಿ.

"ಬಾರಮ್ಮಾ ಡೆಲ್! ಏನು ತಗೋತೀಯ?"

"ಉತ್ತರ ತಗೋತೀನಿ ಸಾಹೇಬ್ರೇ. ಡಬ್ಬಿ ಒಡೆದೋರು ಯಾರು?"

"ಯಾವ ಡಬ್ಬಿ?... ಓ, ಅದಾ! ಪಡ್ಡೆ ಹುಡುಗರು. ಆ ವಯಸ್ಸಲ್ಲಿ ನಾನೂ ಒಡೆದಿದೀನಿ. ನೀನೂ ಒಡೆದಿರ್ತೀಯ."

"ಪಡ್ಡೆಗಳು ಒಂದು ಸಲ ಒಡೀತಾರೆ. ಹೊಸದು ಹಾಕಿದಾಗೆಲ್ಲ ಬಂದು ಒಡೆಯಲ್ಲ. ಅದೂ ಒಂದೇ ಕಣಿವೇಲಿ!"

ಅಗಿಯುವುದು ನಿಂತಿತು. ನಗು ನಿಲ್ಲಲಿಲ್ಲ. ಆ ನಗು ನನಗೆ ಗೊತ್ತು. ಲಾಕಪ್ಪಿನ ಬಾಗಿಲು ಹಾಕುವ ಮೊದಲು ಅವನು ನಗುತ್ತಿದ್ದದ್ದೇ ಹೀಗೆ.

"ಯಾರು ಎಲ್ಲಿ ಸಾಯ್ತಾರೆ ಅಂತ ಯಾರೂ ಹೋಗಿ ನೋಡಲ್ಲಮ್ಮ," ತಗ್ಗಿದ ದನಿಯಲ್ಲಿ ಹೇಳಿದ. "ಎಲ್ಲಿ ಅಂತ ಬರೆದಿದೆ, ಅದನ್ನಷ್ಟೇ ನೋಡೋದು. ನಮ್ಮ ವಕೀಲರು ನನಗೆ ಹೇಳಿಕೊಟ್ಟ ಪಾಠ. ಕೌಂಟಿ ಬಿಳಿಯಾಗಿದ್ರೆ ಯಾರೂ ಬಾವಿ ಪರೀಕ್ಷೆ ಮಾಡಲ್ಲ. ಕಾರ್ಖಾನೆ ನಡೆಯುತ್ತೆ. ಅರ್ಧ ಕಣಿವೆ ಉಣ್ಣೋದು ಅದರಿಂದಾನೇ."

"ಇನ್ನರ್ಧ ಸಾಯೋದು ಅದರಿಂದಾನೇ."

"ಗುರುವಾರ ಮನೇಲಿರು ಡೆಲ್. ಬೆಟ್ಟದ ರಸ್ತೆ ಸರಿ ಇಲ್ಲ."

"ಆ ರಸ್ತೇಲಿ ಗಾಡಿ ಓಡಿಸೋದು ಕಲಿಸಿದ್ದೇ ನೀವು."

"ಅದಕ್ಕೇ ಒಂದು ಸಲ ಹೇಳ್ತಿದೀನಿ. ಬೇರೆಯೋರಿಗೆ ಅದೂ ಹೇಳಲ್ಲ."

ಅವನ ತಟ್ಟೆಯಿಂದ ಒಂದು ಬಿಸ್ಕೆಟ್ ಎತ್ತಿಕೊಂಡು ತಿನ್ನುತ್ತಾ ಹೊರಗೆ ಬಂದೆ. ಕಾರಿನಲ್ಲಿ ಕೂತು ಬಾಗಿಲು ಲಾಕ್ ಮಾಡಿಕೊಂಡೆ. ಬಿಸ್ಕೆಟ್ ಮಾತ್ರ ಚೆನ್ನಾಗಿತ್ತು.

ಆಮೇಲೆ ಕಣಿವೆಯ ಮನೆಮನೆಗೆ ಹೋದೆ. ಗುರುವಾರ ರಾಜಧಾನಿಗೆ ಬಂದು ಸಮಿತಿ ಮುಂದೆ ಎರಡು ಮಾತಾಡಿ ಅಂದೆ. ಗಂಡ ಕಾರ್ಖಾನೆಯಲ್ಲಿ. ಮಗ ಕಾರ್ಖಾನೆಯಲ್ಲಿ. ಅಳಿಯ ಕಾರ್ಖಾನೆಯಲ್ಲಿ. ಕಾಫಿ ಕೊಟ್ಟರು. ಅದೇ ಬಾವಿ ನೀರಿನ ಕಾಫಿ! ಬರುತ್ತೇವೆ ಅಂತ ಯಾರೂ ಹೇಳಲಿಲ್ಲ. ಅವರನ್ನು ಬೈಯಲಾರೆ. ನನ್ನ ಮನೆಯ ಅನ್ನ ಆ ಗೇಟಿನೊಳಗಿಂದ ಬರುತ್ತಿರಲಿಲ್ಲ, ನನಗೆ ಧೈರ್ಯ ಸುಲಭ.

ಉಳಿದವಳು ವರ್ಡೀ ದೊಡ್ಡಮ್ಮ ಒಬ್ಬಳೇ.

ಢಮ್!!

ಮೂರನೇ ಗುದ್ದು. ಈ ಸಲ ಕಾರು ನನ್ನ ಮಾತು ಕೇಳಲಿಲ್ಲ. ಗಿರ್ರನೆ ಸುತ್ತಿತು. ಆಕಾಶ, ಬಂಡೆ, ಟ್ರಕ್, ಆಕಾಶ... ಎಡಗಡೆ ಬೆಟ್ಟದ ಬುಡದ ಚರಂಡಿಗೆ ಬಿದ್ದು ನಿಂತಿತು. ಬಲಕ್ಕೆ ಸುತ್ತಿದ್ದರೆ ಈಗ ನಿಮಗೆ ಇದನ್ನೆಲ್ಲ ಹೇಳಲು ನಾನು ಇರುತ್ತಿರಲಿಲ್ಲ.

"ದೊಡ್ಡಮ್ಮಾ!"

"ಇದೀನಿ ಕಣೇ. ಕಿರುಚಬೇಡ."

ಟ್ರಕ್ ನಿಂತಿತು. ಬಾಗಿಲು ತೆರೆಯಿತು. ಬೂಟಿನ ಸದ್ದು ಹತ್ತಿರ ಬಂತು. ನಾನು ಸೀಟಿನ ಕೆಳಗಿಂದ ಪಿಸ್ತೂಲು ತೆಗೆದೆ. ಕಿಟಕಿಯ ಒಡೆದ ಗಾಜಿನಾಚೆ ಒಂದು ಎದೆ ಕಂಡಿತು. ಕಾರ್ಖಾನೆಯ ಗಾರ್ಡಿನ ಸಮವಸ್ತ್ರ. ಅದಕ್ಕೇ ಗುರಿ ಹಿಡಿದೆ.

"ಇಳಿ ಡೆಲ್! ಫೋನು ಕೊಡು! ಮಧ್ಯಾಹ್ನದವರೆಗೆ ಇಲ್ಲೇ ಕೂತಿದ್ರೆ ನಿನಗೇನೂ..."

ಬಗ್ಗಿ ಒಳಗೆ ನೋಡಿದ.

ಕೋಯ್ ಫ್ಯೂಗೇಟ್. ದೊಡ್ಡಮ್ಮನ ಮಗ!

"...ಅಮ್ಮ?"

ದೊಡ್ಡಮ್ಮ ನಿಧಾನವಾಗಿ ಬೆಲ್ಟ್ ಬಿಚ್ಚಿದಳು. ನನ್ನ ಮೇಲಿಂದ ಕೈ ಚಾಚಿ ಪಿಸ್ತೂಲಿನ ಮೂತಿಯನ್ನು ಪಕ್ಕಕ್ಕೆ ಸರಿಸಿದಳು. ಬಾಗಿಲು ತಳ್ಳಿ ಇಳಿದಳು. ಕಾರು ಸುತ್ತಿ ಅವನ ಎದುರು ನಿಂತಳು. ಅವನ ಎದೆಯ ಮಟ್ಟಕ್ಕೂ ಬರುವುದಿಲ್ಲ.

ಫಟ್!

ಆರಡಿ ಗಂಡಸು ಕೆನ್ನೆ ಹಿಡಿದುಕೊಂಡು ನಿಂತ.

"ಅಮ್ಮ, ನೀನು ಇದೀಯ ಅಂತ ನನಗೆ ಗೊತ್ತಿರಲಿಲ್ಲ! ಡೆಲ್ ಒಬ್ಬಳೇ ಹೋಗ್ತಾಳೆ ಅಂದ್ರು! ಸುಮ್ನೆ ಗಾಡಿ ನಿಲ್ಲಿಸು ಅಂದ್ರು..."

"ಡೆಲ್ ಒಬ್ಬಳೇ ಆಗಿದ್ರೆ ಸರೀನಾ? ಅವಳು ಯಾರ ಮಗಳೂ ಅಲ್ವಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

ನಾನು ಇಳಿದೆ. ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಣ್ಣಿಗೆ ಅವನ ಟ್ರಕ್ಕಿನ ಹಿಂಭಾಗ ಕಂಡಿತು. ಅಲ್ಲಿ ಹಗ್ಗ, ಟಯರು, ಒಂದು ಹಳೇ ಬೇಸ್‌ಬಾಲ್ ಬ್ಯಾಟು. ಬ್ಯಾಟಿನ ಮೈಯೆಲ್ಲ ಡೊಂಕು ಗೀರು, ಗೀರಿನೊಳಗೆ ಬೆಳ್ಳಿ ಬಣ್ಣ. ಚೆಂಡಿಗೆ ಹೊಡೆದರೆ ಹಾಗಾಗುವುದಿಲ್ಲ. ತಗಡಿಗೆ ಹೊಡೆದರೆ ಆಗುತ್ತದೆ.

ದೊಡ್ಡಮ್ಮನೂ ಅದನ್ನೇ ನೋಡುತ್ತಿದ್ದಳು.

"ಕೋಯ್," ಅಂದಳು. "ಡಬ್ಬಿ ಒಡೆದೋನು ನೀನಾ?"

ಅವನು ಹೋಗಿ ಬ್ಯಾಟನ್ನು ಹಗ್ಗದ ಕೆಳಗೆ ತಳ್ಳಿದ.

"ಟಾಲಿವರ್ ಸಾಹೇಬ್ರು ಗಾರ್ಡ್ ಕೆಲಸ ಕೊಡ್ತೀನಿ ಅಂದ್ರು. ಡಬ್ಬಿ ತಾನೆ ಅಂದ್ಕೊಂಡೆ ಅಮ್ಮ! ಯಾರಿಗೂ ನೋವಾಗಲ್ಲ ಅಂದ್ಕೊಂಡೆ. ಯಾಕೆ ಅಂತ ಕೇಳಲಿಲ್ಲ..."

"ನಮ್ಮ ಮನೆ ಡಬ್ಬಿ? ನಿಮ್ಮಪ್ಪ ಪೇಂಟ್ ಮಾಡಿ, ಹೆಸರು ಬರೆದು ಹಾಕಿದ್ದು?"

"...ಅದನ್ನ ಬಿಟ್ಟಿದ್ರೆ ಅನುಮಾನ ಬರ್ತಿತ್ತು."

ನಾನು ಅವನಿಗೆ ಪೋಸ್ಟ್ ಬಾಕ್ಸಿನ ಕತೆ ಹೇಳಿದೆ. ನಕ್ಷೆ, ಬಣ್ಣ, ಪೈಪು, ಎಲ್ಲ. ಚುಟುಕಾಗಿ ಹೇಳಿದೆ, ಹೊತ್ತಿರಲಿಲ್ಲ. ಅವನ ಮುಖದ ಬಣ್ಣ ಇಳಿಯುತ್ತಾ ಹೋಯಿತು. ಕೊನೆಗೆ, "ನಿನ್ನ ಹೆಂಡತಿ ಬಸುರಿ. ಯಾವ ನೀರು ಕುಡೀತಿದಾಳೆ?" ಅಂದೆ.

ಕೋಯ್ ತಿರುಗಿ ನನ್ನ ಕಾರನ್ನು ನೋಡಿದ. ಮುಂದಿನ ಚಕ್ರ ಕಿತ್ತುಹೋಗಿತ್ತು.

ಟ್ರಕ್ಕಿನ ಬಾಗಿಲು ತೆರೆದ. "ಹತ್ತಮ್ಮ. ಹತ್ತು ಡೆಲ್."

ಎರಡು ಗಂಟೆಯ ದಾರಿಯನ್ನು ಅವನು ಹೇಗೆ ಓಡಿಸಿದ ಅಂತ ಕೇಳಬೇಡಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ! ಜೇಬಿನಲ್ಲಿ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ತೆಗೆದು ಹೆಸರು ನೋಡಿದ, ಕಿಟಕಿಯಿಂದ ಹೊರಗೆ ಎಸೆದ. ರಾಜಧಾನಿ ಹತ್ತಿರವಾದಾಗ ದೊಡ್ಡಮ್ಮ ಅವನ ಕಾಲರ್ ಸರಿಮಾಡಿದಳು.

ಸಭೆ ನಡೆಯುತ್ತಿತ್ತು. ಉದ್ದ ಮೇಜಿನ ಹಿಂದೆ ಸಮಿತಿ, ನಡುವೆ ಅಧ್ಯಕ್ಷೆ ಡಾಕ್ಟರ್ ವಿಂಟ್ಲಿ. ಹಿಂದಿನ ಪರದೆಯ ಮೇಲೆ ಅದೇ ನಕ್ಷೆ. ಆವೆರಿಲ್ ಕೆಂಡದಂತೆ ಉರಿಯುತ್ತಿತ್ತು. ಹಾರ್ಕಿನ್ ತೊಳೆದ ಬಟ್ಟೆಯಷ್ಟು ಬಿಳಿ. ಮುಂದಿನ ಸಾಲಿನಲ್ಲಿ ರಾಯ್ಸ್ ಟಾಲಿವರ್, ಇಸ್ತ್ರಿ ಸೂಟು.

"ಆವೆರಿಲ್ ಪರವಾಗಿ ಇರುವವರು ಕೈ ಎತ್ತಿ," ಅಂದರು ಡಾಕ್ಟರ್ ವಿಂಟ್ಲಿ.

"ನಿಲ್ಲಿಸಿ!" ನಾನು ಕೂಗಿದೆ.

ಎಲ್ಲರೂ ತಿರುಗಿದರು. ಮುಖದ ತುಂಬ ರಕ್ತದ ನಾನು, ಸ್ಕಾರ್ಫಿನ ಮುದುಕಿ, ಹಿಂದೆ ಬಾಗಿಲು ತುಂಬಿದ ಗಾರ್ಡು. ಪೊಲೀಸ್ ಒಬ್ಬ ನನ್ನ ತೋಳು ಹಿಡಿದ. ಅಷ್ಟರಲ್ಲಿ ದೊಡ್ಡಮ್ಮ ಮೈಕಿನ ಮುಂದೆ ನಿಂತಾಗಿತ್ತು.

"ನಿಮಗೆ ಮೂರು ನಿಮಿಷ ಇದೆ ಮೇಡಂ," ಅಂದರು ಡಾಕ್ಟರ್.

"ಅಷ್ಟು ಬೇಡಮ್ಮ. ಆ ನಕ್ಷೇಲಿ ಆವೆರಿಲ್ ಕೆಂಪಾಗಿದೆಯಲ್ಲ, ಅದರೊಳಗೆ ನಾನಿದೀನಿ. ನನ್ನ ಇಳಿಸಿ."

"ಅರ್ಥವಾಗಲಿಲ್ಲ..."

"ನಾನು ಆವೆರಿಲ್‌ನೋಳಲ್ಲ. ಹಾರ್ಕಿನ್‌ನೋಳು. ಗೂಸ್ ಕಣಿವೆ. ಆವೆರಿಲ್‌ನಲ್ಲಿ ನಂದು ಬರೀ ಪೋಸ್ಟ್ ಬಾಕ್ಸ್ ಇರೋದು. ನನ್ನ ಗಂಡ ಆರ್ವಿಲ್, ಅವನನ್ನೂ ಇಳಿಸಿ. ಸೇತುವೆ ಪಕ್ಕದ ಲೂಡೀನ ಇಳಿಸಿ. ಚರ್ಚಿನಲ್ಲಿ ಪಿಯಾನೊ ನುಡಿಸ್ತಿದ್ದ ಇನಾನ ಇಳಿಸಿ. ಅವಳ ತಮ್ಮನ್ನೂ ಇಳಿಸಿ. ಅವರೆಲ್ಲ ಎಲ್ಲಿದಾರೆ ಗೊತ್ತಾ? ನಮ್ಮ ಮನೆಗಳ ಹಿಂದಿನ ದಿಬ್ಬದ ಮೇಲೆ. ನಮ್ಮ ಮಣ್ಣಲ್ಲೇ ನಮ್ಮೋರನ್ನ ಹೂಳೋದು ನಾವು. ಪ್ರತಿ ಮೇ ತಿಂಗಳು ಹೋಗಿ ಹೂ ಇಟ್ಟು, ಅಲ್ಲೇ ಚಾಪೆ ಹಾಸಿ ಊಟ ಮಾಡ್ತೀವಿ. ಬನ್ನಿ, ತೋರಿಸ್ತೀನಿ. ಒಬ್ಬರೂ ಆವೆರಿಲ್‌ಗೆ ಹೋಗಿಲ್ಲ."

ಡಾಕ್ಟರ್ ವಿಂಟ್ಲಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಪಕ್ಕದವನ ಕಿವಿಯಲ್ಲಿ ಏನೋ ಕೇಳಿದರು. ಅವನು ಕಂಪ್ಯೂಟರಿನ ಮೇಲೆ ಬಗ್ಗಿದ. ಬೆವರಿದ.

ಟಾಲಿವರ್ ಎದ್ದ. ಅದೇ ನಗು.

"ಕ್ಷಮಿಸಿ ಡಾಕ್ಟ್ರೇ. ಈ ಅಮ್ಮ ನಮ್ಮ ಊರಿನ ಹಿರಿಯರು. ಪಾಪ, ಬಲವಾದ ಔಷಧಿ ತಗೋತಿದಾರೆ, ತಲೆ ಸ್ವಲ್ಪ... ನಮಗೆಲ್ಲ ಸಂಕಟ ಆಗುತ್ತೆ. ಇವರ ಮಗ ನಮ್ಮ ಹತ್ರಾನೇ ಕೆಲಸಕ್ಕಿರೋದು. ಅಲ್ಲೇ ನಿಂತಿದಾನೆ, ಕೇಳಿ. ಹೇಳಪ್ಪಾ ಕೋಯ್!"

ಕೋಯ್ ಮುಂದೆ ಬಂದ. ಟಾಲಿವರ್ ಅವನ ಬೆನ್ನು ತಟ್ಟಿದ. ತನ್ನ ನಾಯಿ ಅಂದುಕೊಂಡಿದ್ದ!

"ನಾನು ಕೋಯ್ ಫ್ಯೂಗೇಟ್," ಮೈಕಿನಲ್ಲಿ ಅವನ ದನಿ ನಡುಗಿತು. "ಗೂಸ್ ಕಣಿವೆ ಡಬ್ಬಿ ಎಲ್ಲ ಒಡೆದಿದ್ದು ನಾನು. ಒಡೀ ಅಂದಿದ್ದು ಇವರು. ಆಮೇಲೆ ಎಲ್ಲರಿಗೂ ಆವೆರಿಲ್‌ನಲ್ಲಿ ಬಾಕ್ಸ್ ಕೊಡ್ಸಿದ್ದೂ ಇವರೇ. ನಮ್ಮಮ್ಮನ ತಲೆ ಸರಿಯಾಗೇ ಇದೆ. ನಂದು ಸರಿ ಇರಲಿಲ್ಲ."

ನಗು ಹೋಯಿತು. ಅಷ್ಟು ವರ್ಷದಲ್ಲಿ ಟಾಲಿವರ್‌ನ ನಗುವಿಲ್ಲದ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಮುದುಕನ ಮುಖ ಅದು.

"ಇವತ್ತು ಮತ ಇಲ್ಲ," ಅಂದರು ಡಾಕ್ಟರ್ ವಿಂಟ್ಲಿ. "ಪೋಸ್ಟ್ ಬಾಕ್ಸ್ ಇರುವ ಒಂದೊಂದು ಹೆಸರಿಗೂ ಮನೆ ಎಲ್ಲಿದೆ ನೋಡಿ. ಲೆಕ್ಕ ಮೊದಲಿಂದ ಆಗಲಿ."

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು, ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಆದರೆ ನಮ್ಮ ಬೆಟ್ಟಗಳಲ್ಲಿ ಯಾವುದೂ ಚೆನ್ನಾಗಿರುವ ಕಡೆ ಮುಗಿಯುವುದಿಲ್ಲ.

ಹೊಸ ನಕ್ಷೆ ಬಂತು. ಹಾರ್ಕಿನ್ ಕೌಂಟಿ ರಾಜ್ಯಕ್ಕೇ ಹೆಚ್ಚು ಕೆಂಪು. ಆವೆರಿಲ್ ಬಿಳಿ. ಬಾವಿಗಳ ನೀರು ಪರೀಕ್ಷೆಗೆ ಹೋಯಿತು, ನೀವು ಊಹಿಸಿದ್ದೇ ಸಿಕ್ಕಿತು. ಗೂಸ್ ಕಣಿವೆಗೆ ಪೈಪು ಬಂತು. ಕಾರ್ಖಾನೆಯವರು ತಮಗೆ ಏನೂ ಗೊತ್ತಿರಲಿಲ್ಲ ಅಂದರು. ಅವರ ವಕೀಲರು ಇವತ್ತಿಗೂ ಕೋರ್ಟಿನಲ್ಲಿ ಅದನ್ನೇ ಹೇಳುತ್ತಿದ್ದಾರೆ. ಟಾಲಿವರ್ ತಾನು ಯಾರಿಗೂ ಏನೂ ಒಡೆಯಲು ಹೇಳಿಲ್ಲ ಅಂದ. ಸಾಕ್ಷಿ ಎಲ್ಲಿ? ಹೋಟೆಲಿನಲ್ಲಿ ನನ್ನ ಹತ್ತಿರ ಆಡಿದ ಮಾತನ್ನೂ ಆಡಿಲ್ಲ ಅಂದ. ಈಗ ಆವೆರಿಲ್‌ನಲ್ಲಿ ಮನೆ ಮಾಡಿದ್ದಾನೆ. ಗಾಲ್ಫ್ ಮೈದಾನದ ಪಕ್ಕ. ಆರೋಗ್ಯವಾಗಿದ್ದಾನೆ.

ಕೋಯ್‌ನನ್ನು ಮಾತ್ರ ಹಿಡಿದರು.

ಟಪಾಲು ಡಬ್ಬಿ ಒಡೆಯುವುದು ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಪರಾಧ. ಸಭೆ ತುಂಬ ಜನರ ಮುಂದೆ, ಮೈಕಿನಲ್ಲಿ, ತಾನೇ ಒಪ್ಪಿಕೊಂಡಿದ್ದಾನೆ. ಇನ್ನೇನು ಬೇಕು? ನನ್ನ ಕಾರು ಗುದ್ದಿದ್ದಕ್ಕೆ ನಾನು ದೂರು ಕೊಡಲಿಲ್ಲ. ಡಬ್ಬಿಗಳ ಪರವಾಗಿ ಸರ್ಕಾರ ಕೊಟ್ಟಿತು. ಒಂದು ಕಣಿವೆಗೆ ವಿಷ ಕುಡಿಸಿದ್ದಕ್ಕೆ ಯಾರಿಗೂ ಒಂದು ದಿನದ ಜೈಲಿಲ್ಲ. ತಗಡಿನ ಡಬ್ಬಿಗಳಿಗೆ ಎರಡು ವರ್ಷ!

ವರ್ಡೀ ದೊಡ್ಡಮ್ಮ ಚಳಿಗಾಲದಲ್ಲಿ ಹೋದಳು. ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಕೌಂಟರಿನ ಹುಡುಗಿ ವಿಳಾಸ ಕೇಳಿದಳು. ಮಲಗಿದ್ದವಳು ಎದ್ದು ಕೂತಳು.

"ಗೂಸ್ ಕಣಿವೆ ರಸ್ತೆ, ಹಾರ್ಕಿನ್ ಕೌಂಟಿ. ಬರ್ಕೋ. ಬರೆದು ನನಗೆ ತೋರಿಸು."

ಅದಕ್ಕೂ ಮುಂಚೆ ಮೊಮ್ಮಗಳನ್ನು ಎತ್ತಿಕೊಂಡಿದ್ದಳು. ನಲ್ಲಿ ತಿರುಗಿಸಿ, ತನ್ನ ಕೈಯಾರೆ ಹಾಲಿನ ಪುಡಿ ಕಲಸಿ ಕುಡಿಸಿದ್ದಳು. ಆಮೇಲೆ ದಿಬ್ಬದ ಮೇಲೆ, ಆರ್ವಿಲ್ ಪಕ್ಕದಲ್ಲಿ ಹೂಳಿದೆವು. ಮಗನನ್ನು ಮಣ್ಣಿಗೆ ಬರಲು ಬಿಡಲಿಲ್ಲ. ಜೈಲು ರಾಜ್ಯದ ಇನ್ನೊಂದು ತುದಿಯಲ್ಲಿದೆ, ಜೋಳದ ಹೊಲಗಳ ನಡುವೆ. ದೂರ ಅಂದರು.

ಕಳೆದ ವಾರ ಅಲ್ಲಿಂದ ಫೋನು ಬಂತು.

"ಡೆಲ್... ಕೋಯ್ ಮಾತಾಡ್ತಿರೋದು. ಮೂತ್ರದಲ್ಲಿ ರಕ್ತ ಹೋಯ್ತು. ಸ್ಕ್ಯಾನ್ ಮಾಡಿದ್ರು. ಅಮ್ಮಂಗೆ ಇತ್ತಲ್ಲ, ಅಲ್ಲೇ."

ಹುಟ್ಟಿದಾಗಿನಿಂದ ಅದೇ ಬಾವಿಯ ನೀರು ಕುಡಿದವನು.

"ಪಾಪು ಪೈಪಿನ ನೀರೇ ಕುಡೀತಿದೆ ತಾನೆ?" ಅವನೇ ಕೇಳಿದ.

"ಪೈಪಿನದೇ ಕಣೋ."

"ಸಾಕು ಬಿಡು." ಆಮೇಲೆ ನಕ್ಕ. ತಾಯಿಯ ನಗು. "ಇಲ್ಲಿ ವಿಳಾಸ ಕೇಳಿದ್ರು ಡೆಲ್. ಗೂಸ್ ಕಣಿವೆ, ಹಾರ್ಕಿನ್ ಅಂದೆ. 'ಅದೆಲ್ಲ ಬೇಡ, ಈಗ ಇರೋದು ಇಲ್ಲಿ ತಾನೆ' ಅಂತ ಜೈಲಿನದೇ ಹಾಕ್ಕೊಂಡ್ರು."

ಡಾಕ್ಟರ್ ವಿಂಟ್ಲಿಗೆ ಫೋನು ಮಾಡಿದೆ.

"ನಿಯಮ ಹಾಗೇ ಇದೆ," ಅಂದರು. ದನಿಯಲ್ಲಿ ನಾಚಿಕೆ ಇತ್ತು. "ರೋಗ ಪತ್ತೆಯಾದ ದಿನ ಎಲ್ಲಿ ವಾಸವೋ, ಆ ಕೌಂಟಿಯ ಲೆಕ್ಕ."

"ಅವನು ವಾಸ ಮಾಡ್ತಿಲ್ಲ ಡಾಕ್ಟ್ರೇ. ಕೂಡಿಹಾಕಿದಾರೆ!"

"ನಿಯಮದಲ್ಲಿ ಆ ವ್ಯತ್ಯಾಸ ಇಲ್ಲ."

ಹಾಗಾಗಿ ಮುಂದಿನ ವರ್ಷದ ನಕ್ಷೆ ಬಂದಾಗ ನೋಡಿ. ಆ ಜೋಳದ ಕೌಂಟಿ ಒಂದು ಚೂರು ಕೆಂಪಾಗಿದ್ದರೆ, ಅಲ್ಲಿಯ ಜನ ಗಾಬರಿಯಾಗುವುದು ಬೇಡ. ಅವರ ನೀರು ಚೆನ್ನಾಗಿದೆ, ಹೊಟ್ಟೆ ತುಂಬ ಕುಡಿಯಲಿ... ಆ ಕೆಂಪು ನಮ್ಮ ಕೋಯ್!